ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ನಿಮ್ಮಲ್ಲಿ ಹೇಗೆ ಸರಿಯಾಯಿತು?

ಬದಿಯಡ್ಕದಿಂದ ಪ್ರಶ್ನೆ: ಮನೆಯ ಡೆಸ್ಕ್‌ಟಾಪ್, ವಿಂಡೋಸ್ 11. ಅಪ್‌ಡೇಟ್ ಇಳಿಯುತ್ತದೆ, ರೀಸ್ಟಾರ್ಟ್ ಆಗುವಾಗ ‘ಅನ್‌ಡೂಯಿಂಗ್ ಚೇಂಜಸ್’ ಎಂದು ವಾಪಸ್ ಹೋಗುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ತೋಟದ ಲೆಕ್ಕ, ಮಕ್ಕಳ ಫೋಟೊ ಎಲ್ಲ ಸಿ ಡ್ರೈವ್‌ನಲ್ಲೇ ಉಂಟು. ಅನುಭವ ಇದ್ದವರು ಹೇಳಿ.

ಪೆರ್ಲ: ಫಾರ್ಮ್ಯಾಟ್ ಯಾಕೆ ಮಾರಾಯ್ರೆ, ಕೋಡ್ ನೋಡಿದ್ರಾ? ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ. 0ಎಕ್ಸ್ ಎಂದು ಶುರುವಾಗುವ ಕೋಡ್ ಅಲ್ಲಿರುತ್ತದೆ. ಅದು ಗೊತ್ತಿಲ್ಲದೆ ಯಾರು ಏನು ಹೇಳಿದರೂ ಸುಮ್ನೆ ಊಹೆ. ಲೆಕ್ಕ, ಫೋಟೊ ಇವತ್ತೇ ಪೆನ್‌ಡ್ರೈವ್‌ಗೆ ಹಾಕಿ.

ಉಪ್ಪಳ: ನಮ್ಮಲ್ಲಿ ಬಂದದ್ದು 0ಎಕ್ಸ್80072ಎಫ್8ಎಫ್. ಕಂಪ್ಯೂಟರಿನ ತಾರೀಕು ತಪ್ಪಿತ್ತು, ಅಷ್ಟೇ. ತಾರೀಕು ಸರಿ ಇಲ್ಲದಿದ್ದರೆ ಅಪ್‌ಡೇಟ್ ಕಳಿಸುವ ಸರ್ವರಿನ ಸರ್ಟಿಫಿಕೇಟನ್ನು, ಅಂದರೆ ಗುರುತುಪತ್ರವನ್ನು, ಕಂಪ್ಯೂಟರ್ ನಂಬುವುದಿಲ್ಲ. ಸಿಡಿಲಿನ ಕಾಲಕ್ಕೆ ನಾವೆಲ್ಲ ಪ್ಲಗ್ ಕಿತ್ತಿಡುತ್ತೇವೆ ಅಲ್ವಾ, ಆಗ ಗಡಿಯಾರ ನಡೆಸುವುದು ಮದರ್‌ಬೋರ್ಡಿನ ಬಿಲ್ಲೆ ಸೆಲ್. ಅದು ಮುಗಿದರೆ ತಾರೀಕು ಎಲ್ಲೋ ಹಿಂದಕ್ಕೆ ಹೋಗುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಸಿಆರ್2032 ಸೆಲ್ ಸಾಕು.

ಕುಂಬಳೆ: ನಾನು ನೋಡಿದ ಮಟ್ಟಿಗೆ ಜಾಸ್ತಿ ಕೆಡುವುದು ಇಳಿಸಿಕೊಂಡ ಫೈಲೇ. ನಡುವೆ ಕರೆಂಟು ಹೋದರೆ ಅರೆಬರೆ ಫೈಲ್ ಉಳಿಯುತ್ತದೆ. ಮುಂದಿನ ಸಲ ವಿಂಡೋಸ್ ಅದಕ್ಕೇ ಎಡವುತ್ತದೆ. ಸರ್ವಿಸಸ್ ತೆರೆದು ‘ವಿಂಡೋಸ್ ಅಪ್‌ಡೇಟ್’ ಮತ್ತು ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್’ ಎರಡನ್ನೂ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಇದೆ. ಅಳಿಸಬೇಡಿ, ಹೆಸರಿನ ಕೊನೆಗೆ ಓಲ್ಡ್ ಎಂದು ಸೇರಿಸಿ. ಸರ್ವಿಸ್ ಮತ್ತೆ ಶುರು ಮಾಡಿದರೆ ಹೊಸ ಫೋಲ್ಡರ್ ತಾನಾಗಿ ಬರುತ್ತದೆ. ಆಗ ಹಿಸ್ಟರಿ ಖಾಲಿಯಾಗುತ್ತದೆ, ಕೋಡ್ ಮೊದಲೇ ಬರೆದಿಡಿ.

0ಎಕ್ಸ್80073712 ಬಂದಿದ್ದರೆ ಇಷ್ಟು ಸಾಲದು. ವಿಂಡೋಸಿನ ಸ್ವಂತ ಫೈಲ್‌ಗಳ ದಾಸ್ತಾನೇ ಕೆಟ್ಟಿದೆ ಎಂದರ್ಥ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ದಾಸ್ತಾನು ಸರಿಪಡಿಸುವ ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಕಮಾಂಡ್, ಆಮೇಲೆ ಕೆಟ್ಟ ಫೈಲ್ ಬದಲಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಕಮಾಂಡ್ ಕೊಡಿ. ಹಿಂದುಮುಂದು ಮಾಡಬೇಡಿ, ಎಸ್‌ಎಫ್‌ಸಿ ಒಳ್ಳೆಯ ಫೈಲ್ ತರುವುದು ಆ ದಾಸ್ತಾನಿನಿಂದಲೇ. ಡಿಸ್ಮ್‌ಗೆ ನೆಟ್ ಬೇಕು. ಶೇಕಡಾ 62ರ ಹತ್ತಿರ ಸತ್ತ ಹಾಗೆ ನಿಲ್ಲುವುದೂ ಉಂಟು, ಗಾಬರಿಯಿಂದ ಆಫ್ ಮಾಡಬೇಡಿ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಗುಡುಗುವಾಗ ಈ ಕೆಲಸಕ್ಕೆ ಕೂರುವುದೇ ಬೇಡ.

ಮಂಜೇಶ್ವರ: ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ‘ಮೀಟರ್ಡ್’ (ಡೇಟಾ ಉಳಿಸುವ ಸೆಟ್ಟಿಂಗ್) ಆನ್ ಇದ್ದರೆ ಕೆಲವು ಅಪ್‌ಡೇಟ್ ಇಳಿಯುವುದೇ ಇಲ್ಲ. ಅದನ್ನೂ ನೋಡಿ.

ಮುಳ್ಳೇರಿಯ: ನಮ್ಮ ಹಳೆ ಕಂಪ್ಯೂಟರಿಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಆಗಲಿಲ್ಲ. 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೇರಳದ ಶಾಲೆಗಳಲ್ಲಿ ಹೇಗೂ ಉಬುಂಟು ಆಧಾರದ ಕೈಟ್ ಲಿನಕ್ಸ್ ಕಲಿಸುತ್ತಾರೆ, ಮಗನೇ ಲಿನಕ್ಸ್ ಹಾಕಿದ. ಕರೆಂಟು ಹೋದರೆ ಅಲ್ಲೂ ಅಪ್‌ಡೇಟ್ ಸಿಕ್ಕಿಕೊಳ್ಳುತ್ತದೆ. ಆದರೆ ಯಾವ ಕಮಾಂಡ್ ಕೊಡಬೇಕು ಎಂದು ಅದೇ ಹೇಳುತ್ತದೆ.

ಬದಿಯಡ್ಕ: ಕೋಡ್ ಸಿಕ್ಕಿತು, 0ಎಕ್ಸ್80070070. ‘ವಿಂಡೋಸ್ ಓಲ್ಡ್’ ಎಂಬ ದೊಡ್ಡ ಫೋಲ್ಡರ್ ಕಾಣುತ್ತದೆ, ತೆಗೆಯಬಹುದಾ?

ಪೆರ್ಲ: ಡಿಸ್ಕ್‌ನಲ್ಲಿ ಜಾಗ ಇಲ್ಲ, ಅದೇ ಕಾಯಿಲೆ. ತೆಗೆಯಬಹುದು, ಹಿಂದಿನ ಆವೃತ್ತಿಗೆ ಮರಳಲು ಆಗುವುದಿಲ್ಲ ಅಷ್ಟೇ. ಅದರೊಳಗಿನ ಯೂಸರ್ಸ್‌ನಲ್ಲಿ ಹಳೆಯ ಫೈಲ್ ಉಳಿದಿದೆಯಾ ಮೊದಲು ನೋಡಿ. ಆಮೇಲೆ ಸೆಟ್ಟಿಂಗ್ಸ್‌ನ ಸ್ಟೋರೇಜ್, ಟೆಂಪರರಿ ಫೈಲ್ಸ್ ಮೂಲಕ ತೆಗೆಯಿರಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎದುರು ಟಿಕ್ ಇದ್ದರೆ ಆ ಟಿಕ್ ತೆಗೆದುಬಿಡಿ, ಹಾಗೇ ಬಿಟ್ಟರೆ ನೀವು ಇಳಿಸಿಟ್ಟದ್ದೂ ಹೋಗುತ್ತದೆ.