ಮರು: ಓದುಗರ ಕಾಗದ 'ಮಾಡರೇಟ್' ಮಾಡುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? (ಗುರುವಾರ ಸಂಜೆಯೊಳಗೆ ಬೇಕು)

> ನಮ್ಮದು ತಾಲೂಕು ವಾರಪತ್ರಿಕೆ. ಪುರಸಭೆ ಚುನಾವಣೆ ಹತ್ತಿರ ಬಂದಿರುವುದರಿಂದ ಓದುಗರ ಕಾಗದಗಳು ವಾಟ್ಸಾಪಿನಲ್ಲಿ ರಾಶಿ ಬೀಳುತ್ತಿವೆ. ಆ ಪುಟದ ತಲೆಗೆ ಒಂದು ಚೌಕಟ್ಟು ಹಾಕಬೇಕು, 'ಇಲ್ಲಿನ ಅಭಿಪ್ರಾಯಗಳನ್ನು ಮಾಡರೇಟ್ ಮಾಡಲಾಗುತ್ತದೆ' ಅಂತ. ಒಂದೇ ಪದ ಸಾಕು.

ನಾಳೆ ಸಂಜೆ ಪುಟ ಅಚ್ಚಿಗೆ ಹೋಗಬೇಕು. ಇಲ್ಲಿ ಎರಡು ದಿನದಿಂದ ಧಾತು, ಪ್ರತ್ಯಯ ಎಲ್ಲ ಬಂದವು, ಚೌಕಟ್ಟಿಗೆ ಹಾಕಬಹುದಾದ ಒಂದು ಸಾಲು ಬರಲಿಲ್ಲ. ಮೊದಲು ಅದನ್ನು ಕೊಟ್ಟುಬಿಡುತ್ತೇನೆ, ಜಗಳ ಆಮೇಲೆ.

"ಬಂದ ಕಾಗದಗಳನ್ನು ಓದಿ ನೋಡಿ ಹಾಕುತ್ತೇವೆ. ಬೈಗುಳ, ಆಧಾರವಿಲ್ಲದ ಆರೋಪ ಇದ್ದರೆ ಆ ಸಾಲು ತೆಗೆದು ಅಲ್ಲಿ ಚುಕ್ಕಿ ಇಡುತ್ತೇವೆ. ಇಡೀ ಕಾಗದ ಕೈಬಿಟ್ಟರೆ ಬರೆದವರಿಗೆ ತಿಳಿಸುತ್ತೇವೆ."

ಕೇಳಿದ್ದು ಒಂದು ಪದ, ಕೊಟ್ಟದ್ದು ಮೂರು ವಾಕ್ಯ. ಯಾಕೆಂದರೆ ನೀವು ಮಾಡುವ ಕೆಲಸವೇ ಮೂರು: ಮೊದಲು ಓದುವುದು, ಬೇಡದ್ದನ್ನು ತೆಗೆಯುವುದು, ಕೆಲವನ್ನು ಕೈಬಿಡುವುದು. ಮೂರಕ್ಕೂ ಸೇರಿಸಿ ಒಂದು ಗಂಭೀರ ನಾಮಪದ ಹೊದಿಸಿದರೆ ಬರೆದವನಿಗೆ ತನ್ನ ಕಾಗದಕ್ಕೆ ಏನಾಯಿತು ಅನ್ನುವುದು ತಿಳಿಯುವುದಿಲ್ಲ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಇಂಥದೇ ಒಂದು ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷ ಕಾಗದಗಳ ಪುಟ ನೋಡಿಕೊಂಡವನು ನಾನು. ಒಮ್ಮೆ ವಯಸ್ಸಾದವರೊಬ್ಬರು ತಮ್ಮ ವಾರ್ಡಿನ ಚರಂಡಿ ಬಗ್ಗೆ ಬರೆದಿದ್ದರು. ಸದಸ್ಯರು ಮೂರು ಸಲ ಬಂದು ನೋಡಿದರು, ಕೆಲಸ ಆಗಲಿಲ್ಲ. ಅದಾದ ಮೇಲೆ ಒಂದು ಸಾಲು: "ಗುತ್ತಿಗೆದಾರನಿಂದ ಅವರಿಗೆ ಪಾಲು ಹೋಗಿದೆ ಅಂತ ಜನ ಆಡಿಕೊಳ್ತಾರೆ, ನಾನು ನಂಬೋದಿಲ್ಲ, ತಡ ಆಗಿರೋದು ಕಚೇರಿಯಲ್ಲಿ." 'ಪಾಲು' ಕಂಡ ಕೂಡಲೆ ನಾನು ಇಡೀ ಸಾಲಿಗೆ ಗೀಟು ಎಳೆದೆ. ಮಾನನಷ್ಟದ ಭಯ, ಅಚ್ಚಾದ ಕಾಗದಕ್ಕೆ ಸಂಪಾದಕನೂ ಹೊಣೆಯಾಗುತ್ತಾನೆ. (ಆಗ ಅದು ದಂಡಸಂಹಿತೆಯ 499, 500ನೇ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 356. 'ಅಭಿಪ್ರಾಯ ಓದುಗರದು' ಎಂದು ಕೆಳಗೆ ಬರೆದುಕೊಂಡ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.) ಪತ್ರಿಕೆ ಬಂದ ಮರುದಿನ ಅವರೇ ಬಂದರು. ಪುಟ ಬಿಡಿಸಿ ಎರಡು ಸಾಲುಗಳ ನಡುವೆ ಉಗುರು ಒತ್ತಿ, "ನಾನು ಆ ಸದಸ್ಯ ಹುಡುಗನ ಪರವಾಗಿ ಬರೆದಿದ್ದೆ. ನೀವು ಕತ್ತರಿ ಹಾಕಿ ವಿರೋಧ ಮಾಡಿಬಿಟ್ರಿ. ಇಲ್ಲಿ ಏನೋ ಇತ್ತು ಅಂತ ಯಾರಿಗೆ ಗೊತ್ತಾಗುತ್ತೆ?" ಅಂದರು. ಆ ಪುಟದ ತಲೆಯ ಮೇಲೆ 'ಪತ್ರಗಳು ನಿಯಂತ್ರಣಕ್ಕೆ ಒಳಪಟ್ಟಿವೆ' ಎಂದು ಅಚ್ಚಾಗಿತ್ತು. ಅದರಿಂದ ಅವರಿಗೆ ಆದ ಉಪಕಾರ ಏನೂ ಇಲ್ಲ.

ಚುಕ್ಕಿ ಇಡಿ ಅನ್ನುವುದು ಅದಕ್ಕೇ. ಲೋಕಸಭೆಯ ನಡಾವಳಿ ನಿಯಮಗಳಲ್ಲಿ 380ನೆಯದು ಸಭಾಧ್ಯಕ್ಷರಿಗೆ ಮಾತು ತೆಗೆಸುವ ಅಧಿಕಾರ ಕೊಡುತ್ತದೆ. ಅದರ ಬೆನ್ನಿಗೇ 381, ತೆಗೆದ ಜಾಗದಲ್ಲಿ ನಕ್ಷತ್ರದ ಗುರುತು ಹಾಕಿ, ಪೀಠದ ಆಜ್ಞೆಯಂತೆ ತೆಗೆಯಲಾಗಿದೆ ಎಂದು ಅಡಿಟಿಪ್ಪಣಿ ಕೊಡಬೇಕು ಅನ್ನುತ್ತದೆ. ತೆಗೆಯುವುದು ತಪ್ಪಲ್ಲ, ತೆಗೆದ ಗುರುತು ಉಳಿಯಬೇಕು. ನಮ್ಮ ವಿಧಾನಸಭೆಯಲ್ಲಿ ಇದಕ್ಕೆ 'ಕಡತದಿಂದ ತೆಗೆಯಿರಿ' ಅನ್ನುತ್ತಾರೆ. ಆ ಕಡತ ಹಿಂದೆ ಬಟ್ಟೆಯದು. ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪುಮಾಡಿ, ಬಳಪದಲ್ಲಿ ಬರೆದು, ಬೇಡವಾದರೆ ಒರಸಿ ಮತ್ತೆ ಬರೆಯುತ್ತಿದ್ದರು. ಒರಸಿದ್ದು ಕಾಣುವುದಿಲ್ಲ. ಅಚ್ಚಿನಲ್ಲಿ ಅದು ಕಾಣಬೇಕು.

ಇನ್ನು ಇಲ್ಲಿ ಉಳಿದವರು ಸೂಚಿಸಿರುವ ಪದಗಳು.

'ನಿಯಂತ್ರಣ' ಬೇಡ, ಮೇಷ್ಟ್ರೇ. ಮಾಲಿನ್ಯ ನಿಯಂತ್ರಣ, ಬೆಲೆ ನಿಯಂತ್ರಣ: ಏರುತ್ತಿರುವ ಪೀಡೆಯನ್ನು ತಗ್ಗಿಸುವ ಮಾತು ಅದು. ಓದುಗನ ಅಭಿಪ್ರಾಯ ಪೀಡೆಯಲ್ಲ. ನೋಡಿಕೊಳ್ಳುವವನಿಗೆ 'ನಿರ್ವಾಹಕ' ಅನ್ನೋಣ ಎಂದವರು ಒಮ್ಮೆ ಬಸ್ ಹತ್ತಿ ಬರಲಿ.

'ಮಂದಗಾಮಿ'ಯ ಪ್ರಸ್ತಾಪ ತಂದವರಿಗೆ: 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದಾಗಿನ ಮಾಡರೇಟ್ ಒಂದು ನಿಲುವು. ಪರೀಕ್ಷೆಯ ಅಂಕಕ್ಕೆ ಕೊಡುವ ಮಾಡರೇಷನ್ ಬೇರೆ. ಇಲ್ಲಿನದು ಮತ್ತೂ ಬೇರೆ. ಇಂಗ್ಲಿಷ್ ಒಂದೇ ಪದದಲ್ಲಿ ಮೂರನ್ನೂ ತೂಗಿಸಿಕೊಂಡರೆ ಕನ್ನಡವೂ ಹಾಗೇ ಮಾಡಬೇಕೆಂಬ ಹಟ ಯಾಕೆ?

'ಪರಿಶೀಲನೆ'ಯಲ್ಲಿ ಹುರುಳಿದೆ. ನಾಮಪತ್ರ ಪರಿಶೀಲನೆ ಗೊತ್ತಿಲ್ಲದ ವಾರ್ಡಿಲ್ಲ, ಅದಾದ ಮೇಲೆ ನಾಮಪತ್ರ ಕ್ರಮಬದ್ಧವಾಗುತ್ತದೆ, ಇಲ್ಲವೆ ತಿರಸ್ಕೃತವಾಗುತ್ತದೆ ಅನ್ನುವುದೂ ಗೊತ್ತು. ಆದರೆ ನಾಮಪತ್ರದಿಂದ ಯಾರೂ ಒಂದು ಸಾಲು ಕೊಯ್ದು ಉಳಿದದ್ದನ್ನು ಒಪ್ಪುವುದಿಲ್ಲ. ಒಂದೇ ಮಾತಿನಲ್ಲಿ ಬೇಕೇ ಬೇಕು ಅಂದರೆ 'ಪರಿಶೀಲಿಸಿ ಪ್ರಕಟಿಸಲಾಗುವುದು' ಅನ್ನಿ. ಅರ್ಧ ನಿಜ ಹೇಳಿದಂತಾಯಿತು.

'ಹದಗಾರ', 'ಹದಗಾರಿಕೆ'. ಯಾರೂ ಆಡುವುದಿಲ್ಲ, ಬಿಡಿ. ಹದ ನನಗೂ ಪ್ರೀತಿಯ ಪದ. ಮಣ್ಣು, ತೊಗಲು, ಬೆಲ್ಲದ ಪಾಕ ಹದಕ್ಕೆ ಬರುತ್ತವೆ, ಇಡಿಯಾಗಿ ಬರುತ್ತವೆ. ಕಾಗದದ ನಡುವಿನ ಸಾಲು ಕಿತ್ತು 'ಹದ ಮಾಡಿದೆ' ಅಂದರೆ ಆ ಪದಕ್ಕೆ ಮಾಡುವ ಅನ್ಯಾಯ. ಹದ, ಹದ್ದು, ಹದ್ದುಬಸ್ತು ಮೂರೂ ಒಂದೇ ಬೇರಿನವು ಎಂಬ ವಾದವಂತೂ ಪೂರ್ತಿ ತಪ್ಪು. ಹದ ಹಳಗನ್ನಡದ 'ಪದ', ಪಕಾರ ಆಮೇಲೆ ಹಕಾರವಾಯಿತು, ತಮಿಳು ತೆಲುಗಿನಲ್ಲಿ ಈಗಲೂ ಪಕಾರವೇ ಇದೆ. ಆಕಾಶದ ಹದ್ದು 'ಪರ್ದು', ತಮಿಳಿನ ಪರುಂದು. ಮೇರೆ ಎಂಬರ್ಥದ ಹದ್ದು ಅರಬ್ಬಿಯದು, ಅದಕ್ಕೆ ಹಿಂದೆ ಪಕಾರ ಇರಲೇ ಇಲ್ಲ.

ಹದ್ದುಬಸ್ತನ್ನು 'ಪಾರಸಿ ಕಸ' ಎಂದು ಬರೆದವರಿಗೆ ಎರಡು ಮಾತು ಹೇಳಲೇಬೇಕು. ಬಸ್ತು ಅಂದರೆ ಕಟ್ಟಿದ್ದು, ಬಂದೋಬಸ್ತಿನಲ್ಲಿ ಇರುವುದೂ ಅದೇ. ಇವತ್ತಿಗೂ ಜಮೀನಿನ ಗಡಿ ಗುರುತಿಸಿಕೊಡಿ ಅಂತ ಕೊಡುವುದು ಹದ್ದುಬಸ್ತು ಅರ್ಜಿಯೇ. ಸರ್ವೆಯವರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಎಲ್ಲರ ಎದುರಿಗೆ ಅಳೆದು ಗಡಿ ತೋರಿಸುತ್ತಾರೆ. ನಮ್ಮ ಚೌಕಟ್ಟು ಮಾಡಬೇಕಾದದ್ದೂ ಇಷ್ಟೇ: ಮೇರೆ ಎಲ್ಲಿದೆ ಅಂತ ಮೊದಲೇ, ಎಲ್ಲರೆದುರಿಗೆ ಹೇಳುವುದು. ಅರ್ಥದಲ್ಲಿ ಇಷ್ಟು ಹತ್ತಿರ ಬಂದ ಪದ ನಿಮ್ಮ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೂ ಚೌಕಟ್ಟಿಗೆ ನಾನು ಅದನ್ನು ಹಾಕುವುದಿಲ್ಲ. 'ಹದ್ದುಬಸ್ತಿನಲ್ಲಿಡು' ಅಂದರೆ ಈಗ ಪುಂಡ ಮಗನನ್ನು ಅಂಕೆಯಲ್ಲಿಡುವ ಮಾತಾಗಿದೆ, ಓದುಗನಿಗೆ ಅದು ಅವಮಾನ. ಬೇಡ ಅನ್ನುವುದಾದರೆ ಕಾರಣ ಇದು, ಅದು ಹುಟ್ಟಿದ ಊರಲ್ಲ. ಅರ್ಜಿ, ತಕರಾರು, ಜಮೀನು, ವಕೀಲ, ಕೊನೆಗೆ ರೈತ, ಎಲ್ಲವೂ ಆ ಕಡೆಯವೇ. ಕಾಗದವೂ. ಇವನ್ನೆಲ್ಲ ಹೊರಗೆ ನಿಲ್ಲಿಸಿ ಪುರಸಭೆಯ ಬಗ್ಗೆ ಒಂದು ಪತ್ರ ಬರೆದು ತೋರಿಸಿ, ಆಮೇಲೆ ಮಾತಾಡೋಣ. 'ಮಾಡರೇಟ್' ಎಂದೇ ಬಿಡಿ ಅನ್ನುವವರ ವಾದವನ್ನೂ ಒಪ್ಪೆ. ಎರವಲು ಅಂತಲ್ಲ. ಚರಂಡಿ ಬಗ್ಗೆ ಬರೆದ ಆ ಹಿರಿಯರಿಗೆ ಅದು ಅರ್ಥವಾಗುವುದಿಲ್ಲ ಅಂತ.

ಕೇಳಿದವರಿಗೆ ಇನ್ನೊಂದು. ಚೌಕಟ್ಟಿನಲ್ಲಿ ಜಾಗ ಸಾಲದಿದ್ದರೆ ಮೊದಲನೆಯ ವಾಕ್ಯ ತೆಗೆಯಿರಿ, ಕೊನೆಯ ಎರಡನ್ನು ಮುಟ್ಟಬೇಡಿ. ಚುಕ್ಕಿ ಮೂರೇ ಇರಲಿ, ತೆಗೆದದ್ದು ಒಂದು ಪದವಾದರೂ ಸರಿ, ನಾಲ್ಕು ಸಾಲಾದರೂ ಸರಿ. ಬರೆದವರೇ ಇಟ್ಟ ಚುಕ್ಕಿಗಳ ಜೊತೆ ಬೆರೆಯದಂತೆ ನಿಮ್ಮದನ್ನು ಆವರಣದೊಳಗೆ ಹಾಕಿ.