300 ಕಿ.ಮೀ. ಬ್ರೆವೆಗೆ ಸೈಕಲ್ ಕಂಪ್ಯೂಟರ್ ಬ್ಯಾಟರಿ ಸಾಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ಮೊದಲ 300 ಕಿ.ಮೀ. ಬ್ರೆವೆ, ಅಂದರೆ ಸಮಯದ ಮಿತಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 20 ಗಂಟೆಯೊಳಗೆ ಮುಗಿಸಬೇಕು. ನನ್ನ ಜಿಪಿಎಸ್ ಕಂಪ್ಯೂಟರ್ ಡಬ್ಬಿಯ ಮೇಲೂ 20 ಗಂಟೆ ಅಂತಲೇ ಇದೆ. ಆದರೆ ಹೋದ ಭಾನುವಾರ ಅಭ್ಯಾಸಕ್ಕೆ 200 ಹೊರಟಿದ್ದೆ. ಬೆಳಗ್ಗೆ 5ಕ್ಕೆ ಪೂರ್ತಿ ಚಾರ್ಜ್ ಇತ್ತು. ಮಧ್ಯಾಹ್ನ 2ಕ್ಕೆ, 163ನೇ ಕಿ.ಮೀ.ನಲ್ಲಿ, ಸ್ಕ್ರೀನ್ ಕಪ್ಪಾಯಿತು. ಅಲ್ಲಿಂದ ಮುಂದೆ ಪ್ರತಿ ಕ್ರಾಸ್‌ನಲ್ಲೂ ನಿಂತು ಫೋನ್ ತೆಗೆದು ದಾರಿ ನೋಡಿಕೊಂಡು ಬಂದೆ. ಹಗಲಾಗಿದ್ದಕ್ಕೆ ಸರಿ. ರಾತ್ರಿ ಹೀಗಾದರೆ ಅಂತ ಯೋಚನೆ ಹತ್ತಿದೆ.

ಸೆಟ್ಟಿಂಗ್ ಹೇಳುತ್ತೇನೆ. ಬ್ರೈಟ್‌ನೆಸ್ 80%, ಬ್ಯಾಕ್‌ಲೈಟ್ ಯಾವಾಗಲೂ ಆನ್. ಇಡೀ ದಿನ ಮ್ಯಾಪ್ ಪುಟ. ಸ್ಯಾಟಲೈಟ್ ಎಲ್ಲ ಆನ್, ಜಿಪಿಎಸ್ ಜೊತೆ ಬೇರೆ ದೇಶಗಳವೂ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಇದೆ. ಮೊದಲು ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿ ಅಳೆಯುವ ಸೆನ್ಸರ್) ಇತ್ತು, ಈಗ ಇಲ್ಲ. ಫೋನ್ ಜೊತೆ ಬ್ಲೂಟೂತ್, ಲೈವ್ ಟ್ರ್ಯಾಕಿಂಗ್. ನಾನೆಲ್ಲಿದ್ದೇನೆ ಅಂತ ಅಮ್ಮ ಅದರಲ್ಲೇ ನೋಡುತ್ತಿರುತ್ತಾರೆ. ಅದೊಂದನ್ನು ಮಾತ್ರ ನಿಲ್ಲಿಸಲಾರೆ. ಡಿವೈಸ್‌ಗೆ 3 ವರ್ಷ ಆಗಿದೆ. ಹೊಸದು ತಗೊಳ್ಳಲೇಬೇಕಾ?

ಉತ್ತರ 1

ಬೇಡ, ಇನ್ನೂ ತಗೊಳ್ಳಬೇಡಿ. ನಾನು ಇದೇ ತರಹದ ಡಿವೈಸ್ ಇಟ್ಟುಕೊಂಡು 400 ಮತ್ತು 600 ಎರಡನ್ನೂ ಮುಗಿಸಿದ್ದೇನೆ.

ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಬ್ಯಾಕ್‌ಲೈಟ್. ಡಬ್ಬಿಯ ಮೇಲಿನ 20 ಗಂಟೆ ನಿಮ್ಮ ಸೆಟ್ಟಿಂಗ್‌ಗೆ ಹೇಳಿದ್ದಲ್ಲ. ಸೈಕಲ್ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಬಿಸಿಲಿನ ಬೆಳಕಲ್ಲೇ ಓದುವಂತಹ ಸ್ಕ್ರೀನ್ ಇರುವಂಥವು. ಬಿಸಿಲು ಜಾಸ್ತಿ ಆದಷ್ಟೂ ಸ್ಪಷ್ಟ. ಹಗಲು ಬ್ಯಾಕ್‌ಲೈಟ್ ಪೂರ್ತಿ ಆಫ್ ಮಾಡಿ ನೋಡಿ, ಏನೂ ಕಷ್ಟವಾಗುವುದಿಲ್ಲ. ರಾತ್ರಿಗೆ 20% ಬ್ರೈಟ್‌ನೆಸ್, 15 ಸೆಕೆಂಡಿಗೆ ಆರುವ ಹಾಗೆ ಇಡಿ. ತಿರುವು ಹತ್ತಿರ ಬಂದಾಗ ತಾನೇ ಹೊತ್ತಿಕೊಳ್ಳುತ್ತದೆ. ಕತ್ತಲಲ್ಲಿ 20% ಕಣ್ಣಿಗೂ ಹಿತ.

ಆಮೇಲೆ ಆ ಪವರ್ ಮೀಟರ್. ಸೆನ್ಸರ್ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಇದೆಯಾ ನೋಡಿ. ಇದ್ದರೆ ಡಿವೈಸ್ ಆಗಾಗ ಅದನ್ನು ಹುಡುಕುತ್ತಲೇ ಇರುತ್ತದೆ. ಹೆಸರು ತೆಗೆದುಬಿಡಿ. ಹಾರ್ಟ್ ರೇಟ್ ಪಟ್ಟಿ ಇರಲಿ, ಸಿಕ್ಕಿರುವ ಸೆನ್ಸರ್ ತಿನ್ನುವುದು ತುಂಬ ಕಡಿಮೆ.

ದಾರಿ ತಪ್ಪಿದಾಗ ತಾನಾಗಿ ಹೊಸ ದಾರಿ ಲೆಕ್ಕ ಹಾಕುವುದನ್ನು ಆಫ್ ಮಾಡಿ. ಬ್ರೆವೆಯಲ್ಲಿ ಆಯೋಜಕರು ಕೊಟ್ಟ ದಾರಿಯಲ್ಲೇ ಹೋಗಬೇಕು, ಬೇರೆ ದಾರಿ ನಮಗೆ ಬೇಡವೇ ಬೇಡ. ಮ್ಯಾಪ್ ಪುಟದ ಬದಲು ಅಂಕಿಗಳ ಪುಟ ಇಟ್ಟುಕೊಳ್ಳಿ. ತಿರುವಿನ ಸೂಚನೆ ಅಲ್ಲೂ ಬರುತ್ತದೆ.

ಅಮ್ಮನ ಲೈವ್ ಟ್ರ್ಯಾಕಿಂಗ್ ಖಂಡಿತ ಇರಲಿ. ಅದರ ಭಾರ ಹೆಚ್ಚಾಗಿ ಬೀಳುವುದು ಫೋನ್ ಮೇಲೆ. ಫೋನಿನ ಮೆಸೇಜ್‌ಗಳು ಸೈಕಲ್ ಸ್ಕ್ರೀನಿಗೆ ಬರುವುದನ್ನು ಮಾತ್ರ ನಿಲ್ಲಿಸಿ. ಒಂದೊಂದು ಮೆಸೇಜಿಗೂ ಲೈಟ್ ಹೊತ್ತುತ್ತದೆ.

ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ ಹೋಗಿ, ಎಷ್ಟು ಇಳಿಯಿತು ಅಂತ ಬರೆದಿಡಿ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಉಳಿಯಿತು ಅಂತ ಗೊತ್ತಾಗುವುದಿಲ್ಲ.

ಉತ್ತರ 2

ಸ್ಯಾಟಲೈಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಈಚಿನ ಡಿವೈಸ್‌ಗಳಲ್ಲಿ ಮಲ್ಟಿ ಬ್ಯಾಂಡ್ ಅಂತ ಇರುತ್ತದೆ. ಎಲ್1 ಜೊತೆ ಎಲ್5 ಸಿಗ್ನಲ್ಲನ್ನೂ ಕೇಳಿಸಿಕೊಳ್ಳುತ್ತದೆ, ಅಂದರೆ 1575.42 ಮೆಗಾಹರ್ಟ್ಸ್ ಜೊತೆಗೆ 1176.45. ಎತ್ತರದ ಕಟ್ಟಡಗಳ ನಡುವೆ ಅದು ನಿಜವಾಗಿ ಉಪಯೋಗ. ಬಯಲು ರಸ್ತೆಯಲ್ಲಿ ಸುಮ್ನೆ ಬ್ಯಾಟರಿ ಖರ್ಚು. ನಿಮ್ಮದರಲ್ಲಿ ಇದ್ದರೆ ಆಫ್ ಮಾಡಿ.

ಸೆಕೆಂಡಿಗೊಮ್ಮೆ ರೆಕಾರ್ಡ್ ಮಾಡುವುದನ್ನು ಬಿಟ್ಟು ಸ್ಮಾರ್ಟ್ ರೆಕಾರ್ಡಿಂಗ್ (ದಿಕ್ಕು, ವೇಗ ಬದಲಾದಾಗ ಮಾತ್ರ ಬರೆದುಕೊಳ್ಳುವುದು) ಹಾಕಿ ಅಂತ ಹಲವರು ಹೇಳುತ್ತಾರೆ. ಅದರಿಂದ ಫೈಲ್ ಚಿಕ್ಕದಾಗುತ್ತದೆ ಅಷ್ಟೆ. ಜಿಪಿಎಸ್ ಚಿಪ್ ಅಷ್ಟೇ ಕೆಲಸ ಮಾಡುತ್ತಿರುತ್ತದೆ. ಅದನ್ನು ಮುಟ್ಟಬೇಡಿ.

3 ವರ್ಷದ ಲಿಥಿಯಂ ಬ್ಯಾಟರಿ ಹೊಸದರಷ್ಟು ಹಿಡಿದಿಡುವುದಿಲ್ಲ, ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ತಿಂಗಳುಗಟ್ಟಲೆ ಬಳಸದಿದ್ದಾಗ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಎಂದೂ ಬಿಡಬೇಡಿ.

ಕೇಳಿದವರಿಂದ, 12 ದಿನಗಳ ನಂತರ

ಹೇಳಿದ ಹಾಗೇ ಮಾಡಿದೆ. ದಿನವೂ ಅದೇ 3 ಗಂಟೆಯ ಸುತ್ತು. ಹಳೆಯ ಸೆಟ್ಟಿಂಗ್‌ನಲ್ಲಿ 33% ಇಳಿಯಿತು. ಬ್ಯಾಕ್‌ಲೈಟ್ ಆಫ್ ಮಾಡಿದ ದಿನ ಇಳಿದದ್ದು 20% ಮಾತ್ರ! ಎರಡು ಸಲ ನೋಡಿಕೊಂಡೆ. ಪವರ್ ಮೀಟರ್ ಹೆಸರು ಪಟ್ಟಿಯಲ್ಲೇ ಇತ್ತು. ತೆಗೆದ ಮೇಲೆ 18%. ಮ್ಯಾಪ್ ಪುಟ ಬಿಟ್ಟು, ಹೊಸ ದಾರಿ ಲೆಕ್ಕವನ್ನೂ ನಿಲ್ಲಿಸಿದ ದಿನ 15%.

ನನ್ನದರಲ್ಲಿ ಮಲ್ಟಿ ಬ್ಯಾಂಡ್ ಇಲ್ಲ. ಬರೀ ಜಿಪಿಎಸ್ ಇಟ್ಟು ನೋಡಿದೆ, 14% ಬಂತು. ಆದರೆ ದಟ್ಟ ಮರಗಳ ಕೆಳಗೆ ರೆಕಾರ್ಡ್ ಆದ ಗೆರೆ ರಸ್ತೆ ಬಿಟ್ಟು ಪಕ್ಕಕ್ಕೆ ಸರಿದಿತ್ತು. 1% ಉಳಿಸಲು ಅದು ಬೇಡ ಅನ್ನಿಸಿ ಎಲ್ಲ ಸ್ಯಾಟಲೈಟ್ ಮತ್ತೆ ಆನ್ ಮಾಡಿದೆ.

ಗಂಟೆಗೆ 5% ಅಂದರೆ ಸರಿಯಾಗಿ 20 ಗಂಟೆ. ರಾತ್ರಿಯ ಬೆಳಕಿಗೆ ಏನೂ ಉಳಿಯುವುದಿಲ್ಲ, ಅಲ್ವಾ? ಪವರ್ ಬ್ಯಾಂಕ್ ಒಯ್ಯೋಣ ಅಂತ ಮನೆಯಲ್ಲಿ ಚುಚ್ಚಿ ನೋಡಿದರೆ 10 ನಿಮಿಷಕ್ಕೆ ಅದು ತಾನೇ ಆಫ್ ಆಗುತ್ತಿದೆ. ಕೆಟ್ಟಿದೆಯಾ?

ಉತ್ತರ 1 ಬರೆದವರಿಂದ

ಅಂಕಿ ನೋಡಿ ತುಂಬ ಖುಷಿಯಾಯಿತು. ಎಲ್ಲ ಸ್ಯಾಟಲೈಟ್ ಉಳಿಸಿಕೊಂಡದ್ದೂ ಒಳ್ಳೆಯದೇ.

ಪವರ್ ಬ್ಯಾಂಕ್ ಕೆಟ್ಟಿಲ್ಲ. ಚುಚ್ಚಿದಾಗ ಡಿವೈಸ್‌ನಲ್ಲಿ 90%ಗಿಂತ ಜಾಸ್ತಿ ಇತ್ತು ಅಂತ ಕಾಣುತ್ತದೆ. ತುಂಬುತ್ತಾ ಬಂದ ಬ್ಯಾಟರಿ ತುಂಬ ಕಡಿಮೆ ಕರೆಂಟ್ ಎಳೆಯುತ್ತದೆ. ಏನೂ ಚುಚ್ಚಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ಆಫ್ ಆಗುತ್ತದೆ. 40%ಗೆ ಇಳಿಸಿ ಮತ್ತೆ ಚುಚ್ಚಿ ನೋಡಿ. ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಕಡಿಮೆ ಕರೆಂಟಿಗೆ ಅಂತಲೇ ಒಂದು ಮೋಡ್ ಇರುತ್ತದೆ, ಅದೂ ಇದೆಯಾ ನೋಡಿ. ಸಣ್ಣದು, 5000 ಎಂಎಎಚ್‌ದು ಸಾಕೋ ಸಾಕು.

ಕೇಬಲ್ ಚುಚ್ಚಿದಾಗ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದಾ ಅಂತ ಮೊದಲೇ ಪರೀಕ್ಷೆ ಮಾಡಿ. ಕೆಲವು ಡಿವೈಸ್‌ಗಳು ಕಂಪ್ಯೂಟರಿಗೆ ಚುಚ್ಚಿದರು ಅಂದುಕೊಂಡು ರೈಡ್ ನಿಲ್ಲಿಸುತ್ತವೆ. ಹಾಗಾದರೆ ಬರೀ ಚಾರ್ಜ್ ಆಗುವ, ಡೇಟಾ ಹೋಗದ ಕೇಬಲ್ ಬೇಕಾಗುತ್ತದೆ.

ಇನ್ನೊಂದು, ಮಳೆ. ಚಾರ್ಜ್ ಮಾಡುವಾಗ ಯುಎಸ್‌ಬಿ ಬಾಯಿಯ ರಬ್ಬರ್ ಮುಚ್ಚಳ ತೆರೆದೇ ಇರುತ್ತದೆ. ಒಂದು 400ರಲ್ಲಿ ಮಳೆಯಲ್ಲೇ ಚಾರ್ಜ್ ಹಾಕಿಕೊಂಡು ಓಡಿಸಿದೆ. ಮರುದಿನ ನೋಡಿದರೆ ಪಿನ್‌ಗಳು ಹಸಿರುಗಟ್ಟಿದ್ದವು, ಆಮೇಲೆ ಅದು ಚಾರ್ಜ್ ಆಗಲೇ ಇಲ್ಲ. ಆ ಡಿವೈಸ್ ಹೋದದ್ದು ಈಗಲೂ ಬೇಜಾರಿದೆ. ಈಗ ಕಂಟ್ರೋಲ್‌ನಲ್ಲಿ, ಅಂದರೆ ದಾರಿಯಲ್ಲಿ ಹಾಜರಿ ಹಾಕಿಸುವ ಜಾಗದಲ್ಲಿ, ಸೂರಿನ ಕೆಳಗೆ ನಿಂತಾಗ ಮಾತ್ರ ಚುಚ್ಚುತ್ತೇನೆ. ಮೊದಲು ಬಟ್ಟೆಯಿಂದ ಒರೆಸುತ್ತೇನೆ. ನಿಮ್ಮ 300ರಲ್ಲಿ ಕತ್ತಲಾಗುವ ಮುಂಚಿನ ಕಂಟ್ರೋಲ್‌ನಲ್ಲಿ ಅರ್ಧ ಗಂಟೆ ಹೇಗೂ ಕೂರುತ್ತೀರಿ. ಆಗ ಹಾಕಿ, ಬೆಳಗಿನವರೆಗೂ ಸಾಕಾಗುತ್ತದೆ.

ಕೇಳಿದವರಿಂದ

40%ಗೆ ಇಳಿಸಿ ಚುಚ್ಚಿದೆ. ಈ ಸಲ ಆಫ್ ಆಗಲಿಲ್ಲ, ಅರ್ಧ ಗಂಟೆಯಲ್ಲಿ 63% ತೋರಿಸಿತು. ರೆಕಾರ್ಡಿಂಗೂ ನಿಲ್ಲಲಿಲ್ಲ. ತುಂಬ ಥ್ಯಾಂಕ್ಸ್ ನಿಮಗೆ. ಒರೆಸುವ ಬಟ್ಟೆಯನ್ನೂ ಈಗಲೇ ಬ್ಯಾಗಿಗೆ ಹಾಕಿಟ್ಟೆ.