ಆಮೆಯ ಜೊತೆಗೆ ಯಾರು ಹೋಗಬೇಕು

ಪುಟ್ಟಾ, ನಾನು ಮಾವ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅಕ್ಕಾ, ನಿನಗೆ ಬೇಡ ಅಂದರೆ ಕೇಳಬೇಡ, ಆಮೇಲೆ "ಗ್ರೂಪ್ ತುಂಬಾ ಪೊಕೆಮಾನ್" ಅಂತ ನನ್ನ ಮೇಲೆ ರೇಗಬೇಡ. ಕೇಳಿದ್ದು ನಿನ್ನ ಮಗ.

ಭಾನುವಾರದ ಆನ್‌ಲೈನ್ ಟೂರ್ನಮೆಂಟಿನಲ್ಲಿ ಐದಕ್ಕೆ ಐದೂ ಸೋತೆ, "ಟೋರ್ಕೋಲ್ ವೇಸ್ಟ್, ತೆಗೆದುಬಿಡಲಾ ಮಾವ?" ಅಂತ ಕೇಳಿದ್ದೀಯ. ಆ ಬೆಂಕಿ ಆಮೆಯನ್ನು ತೆಗೆಯಬೇಡ. ನೀನು ಹಾಕಿದ ನಿನ್ನ ತಂಡದ ಸ್ಕ್ರೀನ್‌ಶಾಟ್ ನೋಡಿದೆ. ಟೋರ್ಕೋಲ್, ಪೆಲಿಪ್ಪರ್, ರಿಲ್ಲಾಬೂಮ್, ಇನ್ಸಿನರೋರ್, ಗಾರ್ಚಾಂಪ್, ಡ್ರಾಗಾಪಲ್ಟ್. ಒಂದೊಂದನ್ನೇ ನೋಡಿದರೆ ಎಲ್ಲಾ ಒಳ್ಳೆಯವೇ. ಆದರೆ ಈ ಆರು ಜನಕ್ಕೆ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ.

ಹೇಗೆ ಅಂತೀಯಾ? ಟೋರ್ಕೋಲ್ ಮೈದಾನಕ್ಕೆ ಬಂದ ಕೂಡಲೇ ಅದರ ಡ್ರೌಟ್ ಅನ್ನುವ ಗುಣದಿಂದ ಬಿಸಿಲು ಬರುತ್ತದೆ. ಪೆಲಿಪ್ಪರ್ ಬಂದರೆ ಮಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಸಾಕ್ಷಾತ್ ಅದೇ. ಗಾರ್ಚಾಂಪ್ ಕೈಗೆ ಅರ್ಥ್‌ಕ್ವೇಕ್ ಅನ್ನುವ ಗ್ರೌಂಡ್ (ನೆಲದ) ಜಾತಿಯ ಏಟು ಕೊಟ್ಟಿದ್ದೀಯ. ಒಂದೊಂದು ಕಡೆ ಇಬ್ಬಿಬ್ಬರು ನಿಲ್ಲುವ ಡಬಲ್ಸ್‌ನಲ್ಲಿ ಅದು ಪಕ್ಕದಲ್ಲಿ ನಿಂತಿರುವ ನಮ್ಮವನಿಗೂ ಬೀಳುತ್ತದೆ. ಟೋರ್ಕೋಲ್ ಬೆಂಕಿ ಜಾತಿ, ಗ್ರೌಂಡ್ ಏಟು ಅದಕ್ಕೆ ಎರಡರಷ್ಟು. ಮೂರನೇ ಆಟದಲ್ಲಿ ನಿನ್ನ ಆಮೆಯನ್ನು ಎದುರಾಳಿ ಮುಟ್ಟಲೇ ಇಲ್ಲ, ನೀನೇ ಮುಗಿಸಿದ್ದು. ನೋಡಿ ನಗು ಬಂತು, ಕ್ಷಮಿಸು.

ಇನ್ನೊಂದು ತಪ್ಪು. ಟೋರ್ಕೋಲ್ ನಿಧಾನ ಅಂತ ಅದರ ಸ್ಪೀಡ್‌ಗೆ 252 ತರಬೇತಿ ಪಾಯಿಂಟ್ ಸುರಿದಿದ್ದೀಯ. ಅದರ ಮೂಲ ಸ್ಪೀಡೇ 20 ಕಣೋ. ಅಷ್ಟು ಸುರಿದ ಮೇಲೂ 50ನೇ ಲೆವೆಲ್‌ನಲ್ಲಿ ಸಿಕ್ಕಿದ್ದು 72. ಅತ್ತ ಓಡುವುದಕ್ಕೂ ಸಾಲದು, ಇತ್ತ ನಿಧಾನದ ಲಾಭವೂ ಇಲ್ಲ.

ನಿಧಾನಕ್ಕೆ ಎಂಥಾ ಲಾಭ ಅಂದರೆ, ಒಂದು ಬಿಸಿಲು. ಆಟ ಶುರುವಾದಾಗ ಎರಡೂ ಕಡೆ ಹವೆ ಬದಲಿಸುವವರು ನಿಂತಿದ್ದರೆ, ವೇಗದವರ ಹವೆ ಮೊದಲು ಬರುತ್ತದೆ, ನಿಧಾನದವರದ್ದು ಆಮೇಲೆ. ಆಮೇಲೆ ಬಂದದ್ದೇ ಉಳಿಯುವುದು. ಪೆಲಿಪ್ಪರ್ ಮೂಲ ಸ್ಪೀಡ್ 65, ಟಿರಾನಿಟಾರ್‌ದು 61. ಹಾಗಾಗಿ ಮಳೆಯವರ ಎದುರು, ಮರಳುಗಾಳಿಯವರ ಎದುರು, ಮೊದಲ ಸುತ್ತಿನಲ್ಲಿ ನಮ್ಮ ಬಿಸಿಲೇ ನಿಲ್ಲುತ್ತದೆ. ಇನ್ನೊಂದು ಟ್ರಿಕ್ ರೂಮ್. ಅದು ಇರುವಷ್ಟು ಹೊತ್ತು ನಿಧಾನದವರೇ ಮೊದಲು ಹೊಡೆಯುತ್ತಾರೆ. ಹಾಗಿದ್ದ ಮೇಲೆ ಅರೆಬರೆ ನಿಧಾನ ಯಾಕೆ? ಆ 252 ತೆಗೆ, ಸ್ಪೀಡ್ ಇಳಿಸುವ ಕ್ವಯಟ್ ನೇಚರ್ ಇಡು, ಸ್ಪೀಡ್ ಐವಿ, ಅಂದರೆ ಹುಟ್ಟಿನಿಂದ ಬಂದ ಅಂಕಿ, ಸೊನ್ನೆ ಇರುವ ಮರಿ ಹುಡುಕು. ಸ್ಪೀಡ್ 22ಕ್ಕೆ ಇಳಿಯುತ್ತದೆ. ಆಮೂಂಗಸ್ ಅಂತ ಒಂದು ಅಣಬೆ ಇದೆ ನೋಡು, ಸ್ಪೋರ್ ಎರಚಿ ಎಲ್ಲರನ್ನೂ ಮಲಗಿಸುತ್ತದೆ. ಎಷ್ಟೇ ಇಳಿಸಿದರೂ ಅದರ ಸ್ಪೀಡ್ 31. ಟ್ರಿಕ್ ರೂಮ್‌ನಲ್ಲಿ ನಿನ್ನ 72ರ ಆಮೆ ಅದರ ಎದುರು ಮೊದಲು ಮಲಗುತ್ತದೆ. 22ರ ಆಮೆ ಮೊದಲು ಸುಡುತ್ತದೆ.

ಈಗ ಅದು ಸುಡುವುದು ಎಷ್ಟು ಅಂತ ಲೆಕ್ಕ ಹಾಕೋಣ. ಅದರ ಬೆಂಕಿ ಏಟು ಇರಪ್ಷನ್. ಅದರ ಬಲ 150, ಎಚ್‌ಪಿ ಅಂದರೆ ಜೀವ ತುಂಬಿದ್ದರೆ ಮಾತ್ರ. ಸ್ವಂತ ಜಾತಿಯ ಏಟು ಅಂತ ಒಂದೂವರೆ ಪಟ್ಟು, ಬಿಸಿಲಿಗೆ ಇನ್ನೊಂದು ಒಂದೂವರೆ ಪಟ್ಟು. ಎದುರಿನ ಇಬ್ಬರಿಗೂ ಒಟ್ಟಿಗೆ ಬೀಳುವುದರಿಂದ ಮುಕ್ಕಾಲು ಆಗುತ್ತದೆ. ಕೊನೆಗೆ ಒಬ್ಬೊಬ್ಬರಿಗೂ ಸುಮಾರು 253. ಇದು ಒಂದೇ ಸಲಕ್ಕೆ, ಇಬ್ಬರ ಮೇಲೂ. ಆದರೆ ಟೋರ್ಕೋಲ್ ಅರ್ಧ ಜೀವ ಕಳೆದುಕೊಂಡಿದ್ದರೆ ಅದು 126ಕ್ಕೆ ಬಂತು. ಅಲ್ಲಿಗೆ ಅದಕ್ಕೆ ಬೇಕಾದ್ದು ಎರಡೇ ಅಂತಾಯಿತು. ಮೈಮೇಲೆ ಗಾಯವಿಲ್ಲದೆ ಬರಬೇಕು, ಬಂದವನೇ ಮೊದಲು ಹೊಡೆಯಬೇಕು. ಉಳಿದ ಐವರನ್ನು ಆರಿಸುವಾಗ ಈ ಎರಡನ್ನು ಯಾರು ಮಾಡಿಕೊಡುತ್ತಾರೆ ಅಂತ ಕೇಳು. ಯಾರು ಬಲಶಾಲಿ ಅಂತ ಆಮೇಲೆ ನೋಡಿದರಾಯಿತು.

ಹ್ಯಾಟರೀನ್ ತಗೋ. ಟ್ರಿಕ್ ರೂಮ್ ಹಾಕುವುದು ಅದರ ಕೆಲಸ. ಮ್ಯಾಜಿಕ್ ಬೌನ್ಸ್ ಇರುವುದನ್ನೇ ತಗೋ, ಆಗ ಯಾರಾದರೂ ಟಾಂಟ್ ಹಾಕಿ ತಡೆಯಲು ಬಂದರೆ ಟಾಂಟ್ ಅವರಿಗೇ ವಾಪಸ್. ಆದರೆ ಟ್ರಿಕ್ ರೂಮ್ ಆ ಸುತ್ತಿನಲ್ಲಿ ಎಲ್ಲರ ಸರದಿ ಮುಗಿದ ಮೇಲೆ ನಡೆಯುತ್ತದೆ. ಅಷ್ಟು ಹೊತ್ತು ಹ್ಯಾಟರೀನ್ ಬದುಕಿರಬೇಕಲ್ಲ? ಅದಕ್ಕೆ ಪಕ್ಕದಲ್ಲಿ ಹೆಣ್ಣು ಇಂಡೀಡೀ. ಅದು ಬಂದರೆ ಸೈಕಿಕ್ ಟೆರೇನ್ ಹರಡುತ್ತದೆ, ನೆಲದ ಮೇಲೆ ನಿಂತವರಿಗೆ ಬೆದರಿಸಿ ಸರದಿ ತಪ್ಪಿಸುವ ಫೇಕ್ ಔಟ್ ತರಹದ, ಸ್ಪೀಡ್ ಲೆಕ್ಕಿಸದೆ ಮೊದಲು ಬೀಳುವ ಏಟು ತಾಗುವುದಿಲ್ಲ. ಮೇಲಿಂದ ಫಾಲೋ ಮಿ ಮಾಡಿ, ಪಕ್ಕದವಳಿಗೆ ಬರುವ ಏಟನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಇಬ್ಬರ ಮೇಲೂ ಬೀಳುವ ಏಟನ್ನು ಮಾತ್ರ ಎಳೆದುಕೊಳ್ಳಲು ಆಗುವುದಿಲ್ಲ, ಅದು ನೆನಪಿರಲಿ.

ಅಮ್ಮ ನಿನ್ನೆ ನನ್ನ ಪಕ್ಕ ಕೂತು ನೋಡುತ್ತಿದ್ದಳು. "ಆ ಹುಡುಗಿ ಸುಮ್ನೆ ನಿಂತು ಹೊಡೆತ ತಿನ್ನುತ್ತಾಳಾ, ಪಾಪ?" ಅಂದಳು. ಹೌದಮ್ಮಾ, ದಸರಾದಲ್ಲಿ ಅಂಬಾರಿ ಆನೆಯ ಅಕ್ಕಪಕ್ಕ ಕುಮ್ಕಿ ಆನೆಗಳು ಬರುವುದಿಲ್ಲವಾ, ಹಾಗೆ ಅಂದೆ. "ಅವಕ್ಕೆ ಯಾರೂ ಹೊಡೆಯುವುದಿಲ್ಲವಲ್ಲ" ಅಂದಳು. ಉತ್ತರ ಇರಲಿಲ್ಲ.

ನಿಜ ಹೇಳಬೇಕೆಂದರೆ ಇಂಡೀಡೀ ಮೊದಲ ಸುತ್ತಿನಲ್ಲೇ ಬಿದ್ದರೆ ನಮಗೆ ಒಳ್ಳೆಯದೇ. ಟ್ರಿಕ್ ರೂಮ್ ಐದು ಸುತ್ತು, ಹಾಕಿದ ಸುತ್ತೂ ಸೇರಿ. ಉಳಿಯುವುದು ನಾಲ್ಕು. ಇಂಡೀಡೀ ಬಿದ್ದರೆ ಅದರ ಜಾಗಕ್ಕೆ ಟೋರ್ಕೋಲ್ ಏಟು ತಿನ್ನದೆ ಬರುತ್ತದೆ, ನಾಲ್ಕೂ ಸುತ್ತು ಸಿಗುತ್ತವೆ. ನೀನು ಕೈಯಾರೆ ಬದಲಿಸಿದರೆ ಒಂದು ಸುತ್ತು ಹೋಯಿತು, ಬರುವಾಗ ಏಟು ಬಿದ್ದರೆ ಇರಪ್ಷನ್ ಕೂಡ ತಣ್ಣಗಾಯಿತು. ನೀನು ಎರಡನೇ ಆಟದಲ್ಲಿ ಮೂರು ಸಲ ಹಿಂದೆ ಮುಂದೆ ಬದಲಿಸಿದ್ದೀಯ. ಬಸ್ ಸ್ಟ್ಯಾಂಡ್ ಆಗಿಬಿಟ್ಟಿತ್ತು ಅದು.

ಇಂಡೀಡೀ ಬಂದರೆ ಇಬ್ಬರು ಹೋಗಬೇಕು. ರಿಲ್ಲಾಬೂಮ್ ಬಂದರೆ ಹುಲ್ಲು ಹಬ್ಬಿ ಸೈಕಿಕ್ ಟೆರೇನ್ ಅಳಿಸಿಹೋಗುತ್ತದೆ. ಇನ್ಸಿನರೋರ್ ಫೇಕ್ ಔಟ್‌ಗೆ ನಮ್ಮದೇ ಟೆರೇನ್ ಅಡ್ಡ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡ, ಬೇರೆ ತಂಡದಲ್ಲಿ ಅವೆರಡೂ ಚಿನ್ನ.

ಗಾರ್ಚಾಂಪ್ ಬದಲು ಉರ್ಸಲೂನಾ ಹಾಕು. ಅದೂ ಗ್ರೌಂಡ್ ಜಾತಿ, ಮೂಲ ಸ್ಪೀಡ್ 50, ಅಟ್ಯಾಕ್ 140. ಟ್ರಿಕ್ ರೂಮ್‌ನಲ್ಲಿ ಆರಾಮ. ಹೆಡ್‌ಲಾಂಗ್ ರಶ್ ಒಬ್ಬರಿಗೇ ಬೀಳುತ್ತದೆ, ಆಮೆಗೆ ತಾಗುವುದಿಲ್ಲ. ಮುಖ್ಯವಾಗಿ, ಹೀಟ್ರಾನ್‌ನಂತಹ ಫ್ಲಾಶ್ ಫೈರ್ ಇರುವವರಿಗೆ ಬೆಂಕಿ ಕೊಟ್ಟರೆ ಅವರಿಗೆ ಹಬ್ಬದೂಟ. ಅವರನ್ನು ಮುಗಿಸಲು ಉರ್ಸಲೂನಾ ಬೇಕೇ ಬೇಕು.

ಪೆಲಿಪ್ಪರ್ ಜಾಗಕ್ಕೆ ಲಿಲಿಗಂಟ್. ಇದು ನನಗೆ ತುಂಬಾ ಇಷ್ಟದ ಜೋಡಿ. ಲಿಲಿಗಂಟ್‌ಗೆ ಕ್ಲೋರೊಫಿಲ್ ಇದ್ದರೆ ಬಿಸಿಲಲ್ಲಿ ಸ್ಪೀಡ್ ಎರಡರಷ್ಟು. ಅದು ಮೊದಲು ಓಡಿ ಆಫ್ಟರ್ ಯೂ ಅನ್ನುತ್ತದೆ. "ನೀವು ಮೊದಲು" ಅಂತ ಬಾಗಿಲು ಹಿಡಿದು ನಿಂತ ಹಾಗೆ. ತಕ್ಷಣ ಟೋರ್ಕೋಲ್ ಸರದಿ. ಟ್ರಿಕ್ ರೂಮ್ ಬೇಕೇ ಇಲ್ಲ, ಮೊದಲ ಸುತ್ತಿನಲ್ಲೇ ಪೂರ್ತಿ ಇರಪ್ಷನ್. ಎದುರಾಳಿ ನೀನು ಟ್ರಿಕ್ ರೂಮ್ ಹಾಕುತ್ತೀಯ ಅಂತ ಕಾಯುತ್ತಾ ಕೂತಿರುತ್ತಾನೆ. ಆದರೆ ಎದುರಿಗೆ ಫೇಕ್ ಔಟ್ ಇದ್ದರೆ ಈ ಜೋಡಿ ಇಳಿಸಬೇಡ, ಕಾಪಾಡಲು ಇಂಡೀಡೀ ಇರುವುದಿಲ್ಲ. ಟ್ರಿಕ್ ರೂಮ್ ನಡೆಯುವಾಗ ಲಿಲಿಗಂಟ್ ಇಳಿಸುವುದೂ ಬೇಡ, ಅದರ ಸರದಿ ಕೊನೆಗೆ ಬರುತ್ತದೆ.

ಆರನೆಯದು ನಿನ್ನ ಡ್ರಾಗಾಪಲ್ಟ್, ಇರಲಿ. ಯಾಕೆಂದರೆ ಈಗ ಹೇಳುವುದು ನಿನಗೆ ಇಷ್ಟ ಆಗುವುದಿಲ್ಲ. ಆರು ತೋರಿಸಿ ನಾಲ್ಕನ್ನು ಆಡಿಸುತ್ತೀಯ, ಅಲ್ವಾ? ಕೆಲವು ಆಟದಲ್ಲಿ ಆ ನಾಲ್ಕರಲ್ಲಿ ಟೋರ್ಕೋಲ್ ಇರಬಾರದು. ಎದುರಿಗೆ ಇಬ್ಬರ ಮೇಲೂ ಬೀಳುವ ಏಟನ್ನು ತಡೆಯುವ ವೈಡ್ ಗಾರ್ಡ್, ಬೆಂಕಿ ಅಷ್ಟಾಗಿ ತಾಗದ ಎರಡು ಡ್ರ್ಯಾಗನ್, ಒಂದು ಹೀಟ್ರಾನ್ ಕಂಡರೆ ಆಮೆಯನ್ನು ಮನೆಯಲ್ಲೇ ಬಿಡು. ಆದರೂ ಅದು ಆಡಿದ ಹಾಗೇ ಲೆಕ್ಕ. ಅದರ ಹೆದರಿಕೆಗೇ ಎದುರಾಳಿ ತನ್ನ ನಾಲ್ಕನ್ನು ಆರಿಸಿರುತ್ತಾನೆ. ನೀನು ಐದೂ ಆಟದಲ್ಲಿ ಟೋರ್ಕೋಲ್ ಇಳಿಸಿದ್ದೀಯ. ಪ್ರೀತಿ ಸರಿ, ಹಟ ಬೇಡ.

ನಿನಗೆ 2014ರ ಕಥೆ ಹೇಳಿದ್ದೆನಾ? ವಾಷಿಂಗ್ಟನ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್. ಕೊರಿಯಾದ ಸೆಜುನ್ ಪಾರ್ಕ್ ಪಚಿರಿಸು ತಂದಿದ್ದ. ಅಳಿಲು ಕಣೋ, ಎಲ್ಲ ಅಂಕಿ ಕೂಡಿಸಿದರೆ 405. ಆ ವರ್ಷ ಎಲ್ಲರೂ ಹೆದರುತ್ತಿದ್ದ ಮೆಗಾ ಕಂಗಸ್ಖಾನ್‌ದು 590. ಜನ ತಮಾಷೆ ಅಂದುಕೊಂಡರು. ಆದರೆ ಅವನ ಗ್ಯಾರಾಡೋಸ್‌ಗೆ, ಟಾಲನ್‌ಫ್ಲೇಮ್‌ಗೆ ಕರೆಂಟ್ ಏಟು ಅಂದರೆ ಭಯ. ಅಳಿಲಿಗೆ ವೋಲ್ಟ್ ಅಬ್ಸಾರ್ಬ್, ಅಂದರೆ ಕರೆಂಟ್ ತಗುಲಿದರೆ ಜೀವ ಹೆಚ್ಚುತ್ತದೆ. ಫಾಲೋ ಮಿ ಮಾಡಿ ಆ ಏಟನ್ನೆಲ್ಲ ತಾನೇ ತಗೊಂಡಿತು. ಅವನು ಚಾಂಪಿಯನ್ ಆದ. ಬರೀ ಅಳಿಲನ್ನು ನಕಲು ಮಾಡಿ ಆಮೇಲೆ ಎಷ್ಟೋ ಜನ ಸೋತರು, ಅದರಲ್ಲಿ ನಾನೂ ಒಬ್ಬ. ನನ್ನ ತಂಡದಲ್ಲಿ ಕರೆಂಟ್‌ಗೆ ಹೆದರುವವರೇ ಇರಲಿಲ್ಲ, ಅದು ಯಾರನ್ನು ಕಾಪಾಡಬೇಕು?

ಸರಿ, ಕುಕ್ಕರ್ ಕೂಗುತ್ತಿದೆ. ಹಾಂ, ಒಂದು ಮರೆತೆ. ಒಂದೇ ವಸ್ತು ಇಬ್ಬರ ಕೈಯಲ್ಲಿ ಇರಬಾರದು, ಗೊತ್ತಲ್ಲ. ಚಾರ್‌ಕೋಲ್ ಆಮೆಗೆ ಕೊಡು, ಸಿಟ್ರಸ್ ಬೆರಿ ಇಂಡೀಡೀಗೆ. ಉಳಿದದ್ದು ನೀನೇ ಯೋಚನೆ ಮಾಡು. ಶನಿವಾರ ರಾತ್ರಿ ಊಟ ಆದ ಮೇಲೆ ನನ್ನ ಜೊತೆ ಮೂರು ಆಟ ಆಡು. ನಾನು ಪೆಲಿಪ್ಪರ್ ತರುತ್ತೇನೆ, ವೈಡ್ ಗಾರ್ಡ್ ಸಮೇತ. ಆಮೆಯನ್ನು ಯಾವ ಆಟದಲ್ಲಿ ಮನೆಯಲ್ಲಿ ಬಿಡುತ್ತೀಯ ನೋಡೋಣ.